ಪೆಡಲಿನ ಗೆರೆ

ಗಾಡಿ ತಡವರಿಸುತ್ತಿದೆ ಎಂದು ಅಣ್ಣ ಫೋನು ಮಾಡಿದಾಗ ನಾನು ನಂಬಲಿಲ್ಲ. ಆ ಗಾಡಿಯ ಮ್ಯಾಪ್ ಬರೆದವಳು ನಾನು, ನಾನು ಬರೆದ ಮ್ಯಾಪಿನಲ್ಲಿ ಗಾಡಿ ತಡವರಿಸುವುದಿಲ್ಲ. ಹೀಗೆಂದರೆ ಜಂಬ ಅನ್ನುತ್ತಾರೆ. ಅನ್ನಲಿ. ಇಷ್ಟು ವರ್ಷ ಇದೇ ಕೆಲಸಕ್ಕೆ ಕಣ್ಣು ಸವೆಸಿದ ಮೇಲೆ ಅಷ್ಟು ಜಂಬವೂ ಇಲ್ಲದಿದ್ದರೆ ಹೇಗೆ?

ಕೆಲಸ ಏನೆಂದು ಹೇಳಿಬಿಡುತ್ತೇನೆ. ನನ್ನ ಗಂಡನಿಗೇ ಅದು ಇನ್ನೂ ಸರಿಯಾಗಿ ಗೊತ್ತಿಲ್ಲ, ‘ಇವಳು ಕಂಪ್ಯೂಟರಿನಲ್ಲಿ ಗಾಡಿ ರಿಪೇರಿ ಮಾಡ್ತಾಳೆ’ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಎಂಜಿನ್ ಯಾವ ವೇಗದಲ್ಲಿ, ಎಷ್ಟು ಭಾರ ಎಳೆಯುವಾಗ, ಎಷ್ಟು ಪೆಟ್ರೋಲ್ ಕುಡಿಯಬೇಕು ಎಂಬುದನ್ನು ಒಂದು ಕೋಷ್ಟಕದಲ್ಲಿ ತುಂಬಬೇಕು. ಅದು ಇಂಧನದ ಮ್ಯಾಪ್. ಪ್ಲಗ್ಗಿನಲ್ಲಿ ಕಿಡಿ ಎಷ್ಟು ಬೇಗ ಹಾರಬೇಕು ಎಂಬುದಕ್ಕೆ ಇನ್ನೊಂದು ಕೋಷ್ಟಕ, ಅದು ಕಿಡಿಯ ಮ್ಯಾಪ್. ಕೋಷ್ಟಕದ ಒಂದೊಂದು ಚೌಕಕ್ಕೂ ನಾನು ಮನೆ ಎನ್ನುತ್ತೇನೆ. ಸಾಮಾನ್ಯ ಗಾಡಿಯಲ್ಲಿ ಒಂದು ಮನೆಯ ಅಂಕಿ ಆಚೀಚೆಯಾದರೆ ಗಾಡಿ ಸ್ವಲ್ಪ ಗೊಣಗುತ್ತದೆ, ಅಷ್ಟೇ. ಅಣ್ಣನದು ಸೂಪರ್‌ಚಾರ್ಜರ್ ಕೂರಿಸಿದ ಕಾರು. ಎಂಜಿನ್ನೇ ತಿರುಗಿಸುವ ಒಂದು ಪಂಪು ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬುತ್ತದೆ. ಅಲ್ಲಿ ಪೆಟ್ರೋಲ್ ಕಡಿಮೆಯಾಗಿ ಕಿಡಿ ಬೇಗ ಹಾರಿದರೆ ಪಿಸ್ಟನ್ನೇ ಕರಗಿಹೋಗುತ್ತದೆ. ಹಾಗಾಗಿ ಒಂದೊಂದು ಮನೆಗೂ ಎರಡೆರಡು ಸಲ ಹೋಗಿ ಬರುವ ಅಭ್ಯಾಸ ನನ್ನದು.

ಅಣ್ಣ ಇರುವುದು ಬೇರೆ ಊರಿನಲ್ಲಿ. ಗಾಡಿಯಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದಿದೆ. ಓಡಿದಷ್ಟು ಹೊತ್ತು ಎಂಜಿನ್ನಿನ ಒಳಗುಟ್ಟನ್ನೆಲ್ಲ ಅದು ಗ್ರಾಫಿನ ಗೆರೆಗಳಾಗಿ ಬರೆದಿಟ್ಟುಕೊಂಡು ನನಗೆ ತಾನೇ ಕಳಿಸುತ್ತದೆ. ನಾನು ನನ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಗೆರೆಗಳನ್ನು ನೋಡಿ, ಮ್ಯಾಪ್ ತಿದ್ದಿ, ವಾಪಸು ಕಳಿಸುತ್ತೇನೆ. ಎಷ್ಟೋ ಗಿರಾಕಿಗಳ ಮುಖವನ್ನೇ ನಾನು ನೋಡಿಲ್ಲ, ಅವರ ಗಾಡಿಯ ಹೊಟ್ಟೆಯೊಳಗಿನದ್ದೆಲ್ಲ ಗೊತ್ತು.

ಅಣ್ಣ ಕೆಲಸದಿಂದ ನಿವೃತ್ತನಾಗುವವರೆಗೂ ಆಂಬುಲೆನ್ಸ್ ಓಡಿಸಿದವನು. ಹಿಂದೆ ಮೂಳೆ ಮುರಿದವರು, ಹೊಲಿಗೆ ಬಿಚ್ಚಿದವರು ಮಲಗಿರುವಾಗ, ಕುಲುಕದೆ ಜೋರಾಗಿ ಹೋಗುವುದರಲ್ಲಿ ಅವನದು ಎತ್ತಿದ ಕೈ. ಕೈ ಅಲ್ಲ, ಕಾಲು. ನನಗೆ ಗಾಡಿ ಕಲಿಸಿದವನೂ ಅವನೇ. ಪಕ್ಕದ ಸೀಟಿನಲ್ಲಿ ಬಿಸಿ ಚಹಾದ ಲೋಟ ಹಿಡಿದು ಕೂರುತ್ತಿದ್ದ, ಅವನ ಅಂಗಿಯ ಮೇಲೆ ಚೆಲ್ಲಿದರೆ ಅಂಗಿ ನಾನು ಒಗೆಯಬೇಕು. ಆ ಬೇಸಿಗೆಯಿಡೀ ನಾನು ಬಟ್ಟೆ ಒಗೆದೆ. ಅವನು ಓಡಿಸುವಾಗ ನಾನು ಲೋಟ ಹಿಡಿದರೆ ಒಂದು ಹನಿ ಹೊರಗೆ ಬರುತ್ತಿರಲಿಲ್ಲ. ಇಂಥವನಿಗೆ ನಿವೃತ್ತಿಯಾದ ಮೇಲೆ ಸೂಪರ್‌ಚಾರ್ಜರಿನ ಹುಚ್ಚು ಹಿಡಿಯಿತು. ಈ ವಯಸ್ಸಿನಲ್ಲಿ ಬೇರೆ ಗಂಡಸರಿಗೆ ಹಿಡಿಯುವ ಹುಚ್ಚುಗಳಿಗಿಂತ ಇದೇ ವಾಸಿ ಎಂದು ಅತ್ತಿಗೆ ಸುಮ್ಮನಾದಳು.

ಅವನ ದೂರು ಇಷ್ಟು. ಜೋರಾಗಿ ಒತ್ತಿದರೆ ಗಾಡಿ ಚೆನ್ನಾಗಿ ಹೋಗುತ್ತದೆ. ಒಂದೇ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡು ಹೋಗುವಾಗ ತಡವರಿಸುತ್ತದೆ, ಕುಂಟುತ್ತದೆ. ಇದು ನಮ್ಮ ಕಸುಬಿನಲ್ಲಿ ಹಳೆಯ ದೂರು. ಗೆರೆಗಳನ್ನು ನೋಡಿದೆ. ಎಂಜಿನ್ ನಿಜವಾಗಿಯೂ ಏರಿ ಇಳಿಯುತ್ತಿತ್ತು. ನಿಧಾನ ಓಟದ ಮನೆಗಳಲ್ಲಿ ಪೆಟ್ರೋಲ್ ಒಂಚೂರು ಹೆಚ್ಚಿಸಿ ಕಳಿಸಿದೆ. ಸರಿಹೋಗಲಿಲ್ಲ. ಕಿಡಿಯ ಮ್ಯಾಪಿನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಅಂಕಿ ಜಿಗಿಯದ ಹಾಗೆ ನುಣ್ಣಗೆ ಮಾಡಿ ಕಳಿಸಿದೆ. ಇಲ್ಲ. ನಿಧಾನವಾಗಿ ಹೋಗುವಾಗ ಸೂಪರ್‌ಚಾರ್ಜರಿನ ಹೆಚ್ಚಿನ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ಒಂದಿದೆ. ಅದು ಅಂಟಿಕೊಂಡರೂ ಗಾಡಿ ಹೀಗೇ ಆಡುತ್ತದೆ. ಅಲ್ಲಿಯ ಮೆಕ್ಯಾನಿಕ್ ಅದನ್ನು ತೊಳೆದ, ಆಮೇಲೆ ಹೊಸದನ್ನೇ ಹಾಕಿದ. ಗಾಡಿ ಕುಂಟುತ್ತಲೇ ಇತ್ತು.

ಅಣ್ಣನ ಸಹನೆ ಕೆಡುತ್ತಿತ್ತು. ಜನ್ಮದಲ್ಲಿ ನನ್ನ ಮೇಲೆ ದನಿ ಏರಿಸದವನು ಒಂದು ದಿನ, ನಿನ್ನ ಕೈಯಲ್ಲಿ ಆಗದಿದ್ದರೆ ಹೇಳಿಬಿಡು, ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ನನಗೆ ಉರಿದುಹೋಯಿತು. ನೋಡಿಕೋ ಎಂದು ಫೋನಿಟ್ಟೆ. ಅವನು ಯಾರನ್ನೂ ನೋಡಿಕೊಳ್ಳಲಿಲ್ಲ, ಮರುದಿನ ಮತ್ತೆ ನನಗೇ ಫೋನು.

ಆ ವಾರವೇ ಅತ್ತಿಗೆಯೂ ಮಾತಾಡಿದಳು. ಅಣ್ಣ ಮಧ್ಯಾಹ್ನ ಮಲಗಿದ್ದಾಗ ಗಾಡಿ ತೆಗೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಳಂತೆ. “ನನ್ನ ಹತ್ರ ತುಟಿಪಿಟಿಕ್ ಅನ್ನಲಿಲ್ಲ ಕಣೇ ನಿಮ್ಮಣ್ಣನ ಗಾಡಿ. ಬೆಣ್ಣೆ ಥರ ಹೋಯ್ತು. ಅದಕ್ಕೂ ಗೊತ್ತಿದೆ, ಮನೇಲಿ ಯಾರ ಮಾತು ನಡೆಯೋದು ಅಂತ” ಎಂದು ನಕ್ಕಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಅವಳ ಓಟದ ಫೈಲನ್ನು ತೆರೆದೆ. ಅದೇ ರಸ್ತೆ, ಅದೇ ವೇಗ, ಅದೇ ಮ್ಯಾಪ್. ಎಂಜಿನ್ನಿನ ಗೆರೆ ದಾರ ಎಳೆದ ಹಾಗೆ ನೇರವಾಗಿತ್ತು.

ನಮ್ಮ ಕಸುಬಿನವರೆಲ್ಲ ಒಂದು ಗೆರೆಯನ್ನು ಮುಚ್ಚಿಟ್ಟುಕೊಂಡೇ ಕೆಲಸ ಮಾಡುತ್ತೇವೆ. ಅದು ಪೆಡಲಿನ ಗೆರೆ, ಓಡಿಸುವವನ ಕಾಲು ಆಕ್ಸಿಲರೇಟರನ್ನು ಎಷ್ಟು ಒತ್ತಿದೆ ಎಂದು ತೋರಿಸುವಂಥದ್ದು. ಕಾಲು ಕೇಳುತ್ತದೆ, ಎಂಜಿನ್ ಉತ್ತರ ಕೊಡುತ್ತದೆ. ನಮಗೆ ಬೇಕಾದದ್ದು ಉತ್ತರ ಸರಿಯಿದೆಯೇ ಎಂಬುದು. ಕೇಳಿದ್ದೇ ಸರಿಯಿಲ್ಲದಿರಬಹುದು ಎಂದು ಯಾರೂ ಅನುಮಾನಪಡುವುದಿಲ್ಲ. ಅದರಲ್ಲೂ ಅಣ್ಣನ ಕಾಲನ್ನು ನಾನು ಅನುಮಾನಿಸುವುದೇ?

ಪೆಡಲಿನ ಗೆರೆಯನ್ನು ತೆರೆದೆ. ಅತ್ತಿಗೆಯದು ನೇರವಾಗಿತ್ತು. ಅಣ್ಣನದು ಗರಗಸದ ಹಲ್ಲಿನಂತಿತ್ತು, ಸಣ್ಣ ಸಣ್ಣ ಹಲ್ಲು, ಒಂದರ ಪಕ್ಕ ಒಂದು, ಎಲ್ಲ ಒಂದೇ ಅಳತೆ. ರಸ್ತೆಯ ಕುಲುಕಾಟ ಹಾಗಿರುವುದಿಲ್ಲ, ಅದು ಬೇಕಾಬಿಟ್ಟಿ ಬರುತ್ತದೆ. ಇದು ಲೆಕ್ಕ ಹಾಕಿದ ಹಾಗೆ ಬರುತ್ತಿತ್ತು. ಅವನು ಪೆಡಲನ್ನು ಬಲವಾಗಿ ಒತ್ತಿದ ಕಡೆಯಲ್ಲೆಲ್ಲ ಹಲ್ಲು ಮಾಯ. ಕಾಲು ಸುಮ್ಮನೆ ಕೂತ ಕೂಡಲೇ ಮತ್ತೆ ಶುರು. ಗಾಡಿ ಪಾಪ, ಕಾಲು ಹೇಳಿದ ಹಾಗೆ ಕೇಳುತ್ತಿತ್ತು.

ಈ ನಡುಕವನ್ನು ನಾನು ಮೊದಲೇ ನೋಡಿದ್ದೆ. ಅಪ್ಪ ಬಡಗಿ. ತೊಡೆಯ ಮೇಲೆ ಇಟ್ಟ ಕೈ ತಾನಾಗಿ ಅಲುಗಲು ಶುರುವಾದಾಗ ಅವನು ಉಳಿ ಹಿಡಿದುಬಿಡುತ್ತಿದ್ದ, ಉಳಿ ಹಿಡಿದರೆ ನಿಲ್ಲುತ್ತಿತ್ತು. ಕೆಲಸ ಮಾಡಿದರೆ ಸರಿಹೋಗುತ್ತೆ ಎಂದು ನಾವೆಲ್ಲ ಹೇಳಿದೆವು. ಆಮೇಲೆ ಉಳಿ ಹಿಡಿದರೂ ನಿಲ್ಲಲಿಲ್ಲ. ಕೊನೆಕೊನೆಗೆ ಅನ್ನದ ತುತ್ತೂ ಬಾಯಿಗೆ ತಲುಪುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಪ್ಪನ ಗಡ್ಡ ಹೆರೆಯುತ್ತಿದ್ದವನು ಅಣ್ಣ. ಅಪ್ಪ ಮೆಲ್ಲಗೆ ಏನೋ ಕೇಳುತ್ತಿದ್ದ, ಅಣ್ಣ ಮೆಲ್ಲಗೆ ಏನೋ ಹೇಳುತ್ತಿದ್ದ. ಆಚೆಯ ಕೋಣೆಯಲ್ಲಿದ್ದ ನನಗೆ ಅದು ಕೇಳಿಸುತ್ತಿರಲಿಲ್ಲ.

ಪೆಡಲಿನ ಸೆನ್ಸರ್ ಕೆಟ್ಟಿರಬಹುದು ಎಂದು ಅಣ್ಣನಿಗೆ ಹೇಳಿದೆ. ಅದೇ ಸೆನ್ಸರಿನ ಮೇಲೇ ಅತ್ತಿಗೆ ಬೆಣ್ಣೆ ಥರ ಹೋಗಿ ಬಂದಿದ್ದಾಳೆ ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹೊಸದನ್ನು ಹಾಕಿಸಿದೆ. ಹೊಸ ಸೆನ್ಸರ್ ಅದೇ ಹಲ್ಲುಗಳನ್ನು ಇನ್ನೂ ಸ್ಪಷ್ಟವಾಗಿ ತೋರಿಸಿತು.

ಆಗಲಾದರೂ ಬಾಯಿ ಬಿಡಬೇಕಿತ್ತು. ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡು ಕೆಳಗಿಟ್ಟೆ. ಏನೆಂದು ಹೇಳುವುದು? ನಿನ್ನ ಕಾಲು ಕೆಟ್ಟಿದೆ ಎಂದೇ? ಕೊನೆಗೆ ನನಗೆ ಬರುವ ಕೆಲಸವನ್ನೇ ಮಾಡಿದೆ. ಪೆಡಲಿನ ಪ್ರತಿಯೊಂದು ಅಲುಗಾಟಕ್ಕೂ ಕಿವಿಗೊಡಬೇಡ, ಸ್ವಲ್ಪ ತಡೆದು, ಸರಾಸರಿ ನೋಡಿ ಎಂಜಿನ್ನಿಗೆ ಹೇಳು ಎಂದು ಗಾಡಿಯ ಕಂಪ್ಯೂಟರಿಗೆ ಹೇಳಿಕೊಡುವ ಸೆಟ್ಟಿಂಗ್ ಒಂದಿದೆ. ಗುಂಡಿಬಿದ್ದ ದಾರಿಯಲ್ಲಿ ಓಡಿಸುವವರಿಗಾಗಿ ಇರುವಂಥದ್ದು. ಅದನ್ನು ಜಾಸ್ತಿ ಮಾಡಿ ಕಳಿಸಿದೆ.

ಅಣ್ಣನ ಫೋನು ಬಂದಾಗ ಅವನ ದನಿಯಲ್ಲೇ ಹತ್ತು ವರ್ಷ ಕಡಿಮೆಯಾಗಿತ್ತು. ಕುಂಟಾಟ ನಿಂತೇಹೋಗಿದೆ, ಏನು ಮಾಡಿದೆ ಎಂದು ಕೇಳಿದ. ಒಂದು ಸಣ್ಣ ಸೆಟ್ಟಿಂಗ್ ಎಂದೆ. “ಅಂದ್ರೆ ಗಾಡೀದೇ ತಪ್ಪು” ಎಂದ. ಹೂಂ ಎಂದೆ. ಅವನು ಅದನ್ನೇ ಇನ್ನೊಂದು ಸಲ ಹೇಳಿದ, “ಗಾಡೀದೇ ತಪ್ಪು.” ಆ ಖುಷಿಯಲ್ಲಿ, ಬೆಟ್ಟ ದಾಟಿ ಆಚೆಯ ಊರಿನಲ್ಲಿರುವ ಅತ್ತಿಗೆಯ ತಂಗಿಯ ಮನೆಗೆ ಅವಳನ್ನು ತಾನೇ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದ. ಬೇಡ ಎನ್ನಲು ನನ್ನ ಹತ್ತಿರ ಯಾವ ಕಾರಣ ಉಳಿದಿತ್ತು? ಇದ್ದ ಒಂದು ಕಾರಣವನ್ನು ನಾನೇ ಅಳಿಸಿಬಿಟ್ಟಿದ್ದೆ.

ಅವರು ಕ್ಷೇಮವಾಗಿ ಹೋಗಿ ಬಂದರು. ಆಮೇಲೆ ಆ ಓಟದ ಫೈಲು ಬಂತು. ಬೆಟ್ಟ ಇಳಿಯುವ ತಿರುವಿನಲ್ಲಿ ಅಣ್ಣ ಪೆಡಲಿನಿಂದ ಕಾಲು ಎತ್ತಿದ್ದಾನೆ. ತಡೆದು ಕೇಳು ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ, ಕಾಲು ಎತ್ತಿದ ಮೇಲೂ ಗಾಡಿ ಒಂದು ಕ್ಷಣ ಮುಂದಕ್ಕೆ ಎಳೆದಿದೆ. ಆಮೇಲೆ ಬ್ರೇಕು. ಬ್ರೇಕನ್ನು ಮೆಲ್ಲಗೆ ಒತ್ತಿದ ಕಡೆ ಆ ಗೆರೆಯಲ್ಲೂ ಅದೇ ಗರಗಸ, ಒಂದು ಕಡೆಯಂತೂ ಕಾಲು ಬ್ರೇಕಿಗೆ ತಲುಪುವುದೇ ತಡವಾಗಿದೆ. ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು. ಇಂಧನಕ್ಕೆ ಮ್ಯಾಪ್ ಇದೆ, ಕಿಡಿಗೆ ಇದೆ, ಆಕ್ಸಿಲರೇಟರ್ ಪೆಡಲಿಗೂ ಇದೆ. ಬ್ರೇಕಿಗೆ ನಾನು ತಿದ್ದಬಹುದಾದ ಮ್ಯಾಪ್ ಯಾವುದೂ ಇಲ್ಲ.

ಈ ಸಲ ಫೋನನ್ನು ಕೆಳಗಿಡಲಿಲ್ಲ. ಬೆಟ್ಟದ ದಾರಿ ಹೇಗಿತ್ತೆಂದು ಅವನು ವರ್ಣಿಸಲು ಶುರುಮಾಡಿದ. ನಾನು ನಡುವೆಯೇ ಬಾಯಿ ಹಾಕಿದೆ.

“ಅಣ್ಣಾ, ತಪ್ಪು ಗಾಡೀದಲ್ಲ.”

ಆಚೆ ಕಡೆ ನಲ್ಲಿಯಲ್ಲಿ ನೀರು ಬೀಳುವ ಸದ್ದು, ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳೇನೋ. ಅಣ್ಣ ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಿತು.

“ಗೊತ್ತು ಕಣೇ” ಎಂದ. “ಅಪ್ಪನ ಗಡ್ಡ ಹೆರೆದವನು ನಾನು. ನನಗೆ ಗೊತ್ತಾಗಲ್ವಾ?”

“ಮತ್ತೆ ನನ್ನನ್ನ ಯಾಕೆ ಇಷ್ಟು ದಿನ ಸತಾಯಿಸಿದೆ?”

“ನೀನು ಹುಡುಕಿದ್ರೆ ಗಾಡೀಲಿ ಏನಾದ್ರೂ ಸಿಗಬಹುದು ಅಂತ. ನೀನು ಯಾವತ್ತೂ ಬರಿಗೈಲಿ ವಾಪಸ್ ಬಂದವಳಲ್ಲವಲ್ಲ.”

ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಅಳು ಮುಗಿಯುವವರೆಗೆ ಕಾದ. ಗಾಡಿಯ ಎಂಥ ಕಾಯಿಲೆಯನ್ನಾದರೂ ಇಲ್ಲಿ ಕೂತೇ ವಾಸಿ ಮಾಡುತ್ತೇನೆ ಎಂದು ಮೆರೆಯುತ್ತಿದ್ದವಳು, ಒಡಹುಟ್ಟಿದವನ ಕಾಲಿನ ಮುಂದೆ ಕೈ ಚೆಲ್ಲಿ ಕೂತಿದ್ದೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಅತ್ತಿಗೆಗೆ ಹೇಳಿದ. ಡಾಕ್ಟರು ಅಪ್ಪನಿಗಿದ್ದ ಕಾಯಿಲೆಯ ಹೆಸರನ್ನೇ ಹೇಳಿದರು. ಆಗಿನದಕ್ಕಿಂತ ಈಗ ಒಳ್ಳೆಯ ಮಾತ್ರೆಗಳಿವೆ, ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ಗಾಡಿಯ ಕೀಲಿಯನ್ನು ಅಣ್ಣ ತಾನಾಗಿಯೇ ಅತ್ತಿಗೆಯ ಕೈಗೆ ಕೊಟ್ಟ. ಅವತ್ತು ನನಗೆ ಫೋನು ಮಾಡಿ, “ಆ ಸೆಟ್ಟಿಂಗ್ ತೆಗೆದುಬಿಡು. ಅವಳಿಗೆ ಅದು ಬೇಡ” ಎಂದ. ತೆಗೆದು ಕಳಿಸಿದೆ. ಇದಕ್ಕಿಂತ ಕಷ್ಟದ ಕೆಲಸವನ್ನು ಆ ಮೇಜಿನ ಮೇಲೆ ನಾನು ಮಾಡಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಭಾನುವಾರ ಒಂದು ಫೈಲು ಬಂತು. ತೆರೆದು ನೋಡಿದರೆ ಗಾಡಿಯ ವೇಗ ಸೊನ್ನೆ. ಎಂಜಿನ್ ಮಾತ್ರ ಓಡುತ್ತಿದೆ. ಅತ್ತಿಗೆಯನ್ನು ಕೇಳಿದೆ. ಶೆಡ್ಡಿನ ಬಾಗಿಲು ತೆರೆದಿಟ್ಟು, ಗಾಡಿಯಲ್ಲಿ ಕೂತು, ಎಂಜಿನ್ ಶುರುಮಾಡಿ, ಪೆಡಲಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡಿರುತ್ತಾನಂತೆ. ಎಂಜಿನ್ ಗುರುಗುಟ್ಟುತ್ತ ಏರಿ ಇಳಿಯುವುದು ಅಡುಗೆಮನೆಗೆ ಕೇಳಿಸುತ್ತದಂತೆ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬರುತ್ತದೆ. ನಾನು ಬೇರೆ ಗೆರೆಗಳನ್ನೆಲ್ಲ ಮುಚ್ಚಿ ಪೆಡಲಿನದೊಂದನ್ನೇ ತೆರೆಯುತ್ತೇನೆ. ಹೋದ ವಾರದ್ದರ ಮೇಲೆ ಈ ವಾರದ್ದನ್ನು ಇಟ್ಟು ನೋಡುತ್ತೇನೆ. ಮಾತ್ರೆ ಹಿಡಿದ ವಾರಗಳಲ್ಲಿ ಹಲ್ಲು ಸಣ್ಣದಾಗಿತ್ತು, ಕುಣಿಯುವಷ್ಟು ಖುಷಿಯಾಗಿತ್ತು. ಆಮೇಲೆ ಮತ್ತೆ ಬೆಳೆಯಿತು. ಒಂದು ಮನೆಯ ಅಂಕಿ ತಪ್ಪಿದರೂ ನಿದ್ದೆಗೆಡುವವಳು, ತಿದ್ದಲಾಗದ ಒಂದು ಗೆರೆಯನ್ನು ವಾರವಾರ ಸುಮ್ಮನೆ ನೋಡುತ್ತೇನೆ.

ಈ ಭಾನುವಾರದ ಗೆರೆ ಇದುವರೆಗಿನ ಎಲ್ಲಕ್ಕಿಂತ ಅಗಲವಾಗಿತ್ತು. ಫೈಲಿನ ಹಿಂದೆಯೇ ಅಣ್ಣ ಫೋನು ಮಾಡಿದ. ಮೊದಲು ಎಂಜಿನ್ನಿನ ಬಗ್ಗೆ ಕೇಳಿದ. ಪೆಟ್ರೋಲ್ ಸರಿಯಾಗಿದೆ, ಕಿಡಿ ಸರಿಯಾಗಿದೆ ಎಂದೆ.

“ಅದಲ್ಲ. ಹೋದ ವಾರಕ್ಕಿಂತ ಹೇಗಿದೆ?”

ಎರಡೂ ಗೆರೆಗಳು ನನ್ನ ಕಣ್ಣ ಮುಂದೆಯೇ ಇದ್ದವು.

“ಹಾಗೇ ಇದೆ ಅಣ್ಣಾ” ಎಂದೆ.



“ದಿನಾ ಬೆಳಿಗ್ಗೆ ಅಪ್ಪ ಇದನ್ನೇ ಕೇಳ್ತಿದ್ದ” ಎಂದ. “ನಾನೂ ಹಾಗೇ ಹೇಳ್ತಿದ್ದೆ.”

ಬರುವ ಭಾನುವಾರ ಮತ್ತೆ ಕಳಿಸುತ್ತೇನೆ ಎಂದು ಹೇಳಿ ಫೋನಿಟ್ಟ.