ಮೂಲೆಯ ಬಾತುಕೋಳಿ

ಪ್ರಾಗ್‌ನ ಆ ಹಳೆಯ ಅರಮನೆ ಮ್ಯೂಸಿಯಂನಲ್ಲಿ ಬೂಟಿನ ಮೇಲೆ ಉಣ್ಣೆಯ ಚಪ್ಪಲಿ ಹಾಕಿಕೊಳ್ಳದೆ ಯಾರೂ ಒಳಗೆ ಬರುವಂತಿಲ್ಲ. ಜನ ಕಾಲೆಳೆದು ನಡೆದಷ್ಟೂ ಮರದ ನೆಲ ಹೊಳೆಯುತ್ತದೆ. ಕಾವಲಿನ ದ್ರಾಹೊಮೀರಾಳಿಗೆ ಆ ನೆಲವೇ ಪ್ರಾಣ. ಕಿಟಕಿ ಪಕ್ಕದ ಮೂಲೆ ಮಾತ್ರ ಮಂಕಾಗಿತ್ತು. ಅಲ್ಲಿದ್ದ ಸತ್ತ ಬಾತುಕೋಳಿಯ ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ.

"ಅಷ್ಟು ದೂರದಿಂದ ಬಂದು ಬಾತುಕೋಳಿ ನೋಡ್ದೇ ಹೋಗ್ತೀರಾ?" ಎಂದು ಅವಳು ಬಂದವರನ್ನೆಲ್ಲ ಗದರತೊಡಗಿದಳು. "ಹತ್ರ ಹೋಗಿ. ಇನ್ನೂ ಎಡಕ್ಕೆ. ಈಗ ಬಲಕ್ಕೆ."

ವರ್ಷ ಕಳೆಯುವಷ್ಟರಲ್ಲಿ ಬಾತುಕೋಳಿಗೆ ಎಲ್ಲಿಲ್ಲದ ಹೆಸರು ಬಂತು. ನಿರ್ದೇಶಕ ಹವ್ರಾನೆಕ್ ಅದನ್ನು ದೊಡ್ಡ ಹಜಾರಕ್ಕೆ ಸಾಗಿಸಿ, "ನಿಮ್ಮ ಕಣ್ಣೇ ಕಣ್ಣು ಕಣ್ರೀ! ಅದ್ರಲ್ಲಿ ಏನು ಕಂಡ್ರಿ?" ಎಂದ.

"ನೆಲ," ಎಂದಳು ದ್ರಾಹೊಮೀರಾ.

ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಅವಳ ದನಿ ಕೇಳಿಸಿತು:

"ಅಷ್ಟು ದೂರದಿಂದ ಬಂದು, ಆ ಮೂಲೆ ಗೋಡೆಯ ಖಾಲಿ ಮೊಳೆ ನೋಡ್ದೇ ಹೋಗ್ತೀರಾ?"