ಬದುವಿನ ಸೊಪ್ಪು

ನಾಲ್ಕನೇ ಜ್ವರ ಬಿಟ್ಟೆದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳು ಸುಮ್ಮನಿರುವುದಿಲ್ಲ. ಹೊರೆಗಟ್ಟಲೆ ಸೊಪ್ಪು ತಿನ್ನುತ್ತ ಮನೆ ತುಂಬ ಮಳೆ ಹುಯ್ದ ಹಾಗೆ ಸದ್ದು ಮಾಡುತ್ತದೆ. ಮುನಿಲಕ್ಷ್ಮಿಯ ಹುಳದ ಮನೆಯಲ್ಲಿ ಆ ಬೆಳಿಗ್ಗೆ ಸದ್ದೇ ಇರಲಿಲ್ಲ. ಹಾಕಿದ ಸೊಪ್ಪು ಹಾಕಿದ ಹಾಗೇ ಬಾಡಿತ್ತು. ತಟ್ಟೆಗಳ ಅಂಚಿಗೆ ಹರಿದು ಬಂದ ಹುಳುಗಳು ಮೆತ್ತಗಾಗಿ ಸತ್ತಿದ್ದವು.

"ಯಾರ ಕಣ್ಣು ಬಿತ್ತೋ ಅಮ್ಮಾಯಿ," ಎಂದು ಅತ್ತೆ ರಾಮಲಕ್ಷ್ಮಮ್ಮ ತಲೆಗೆ ಕೈಹೊತ್ತು ಕೂತಳು.

"ಕಣ್ಣಲ್ಲ ಅತ್ತೆ. ಜೋಳದ ಹೂವಿನ ಪುಡಿ ಅನ್ಸುತ್ತೆ."

ಹಿಪ್ಪುನೇರಳೆ ತೋಟ ಚನ್ನಕೇಶವನದು. ಮುನಿಲಕ್ಷ್ಮಿ ಅದನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತಿದ್ದಳು. ಶಿಡ್ಲಘಟ್ಟದಲ್ಲಿ ಗೂಡು ಮಾರಿದರೆ ಅರ್ಧ ಅವನಿಗೆ. ಪಕ್ಕದ ಹೊಲವೂ ಅವನದೇ. ಅದನ್ನು ಕುಲಾಂತರಿ ಮುಸುಕಿನ ಜೋಳದ ಪ್ರಯೋಗಕ್ಕೆಂದು ಒಂದು ಕಂಪನಿಗೆ ಕೊಟ್ಟಿದ್ದ. ಕಚ್ಚಿದ ಹುಳುವೇ ಸಾಯುವ ಜೋಳ, ಔಷಧಿ ಹೊಡೆಯುವುದೇ ಬೇಡ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಇವಳೇ. ಹೋದ ವರ್ಷ ಅವನ ಹೊಲದ ಔಷಧಿ ಗಾಳಿಗೆ ತೂರಿ ಬಂದು ಒಂದು ಬೆಳೆ ಹುಳು ಪೂರ್ತಿ ಸತ್ತಿತ್ತು. ಇನ್ನು ಆ ಕಾಟ ತಪ್ಪಿತು ಎಂದು ಕೂಲಿಗೆ ಹೋಗಿ ಆ ಬೀಜ ಊರಿದವಳೂ ಇವಳೇ. ರೇಷ್ಮೆ ಹುಳುವೂ ಒಂದು ಹುಳುವೇ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಕಂಪನಿಯ ಅಷ್ಟು ಓದಿದವರಿಗೆ ಅದು ಹೊಳೆಯಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಜೋಳ ಹೂ ಬಿಟ್ಟ ಮೇಲೆ ಬದುವಿನ ಪಕ್ಕದ ಸೊಪ್ಪಿನ ಮೇಲೆ ಹಳದಿ ಪುಡಿ ಕೂತಿತ್ತು. ಮುನಿಲಕ್ಷ್ಮಿ ಉಳಿದ ಹುಳುಗಳನ್ನು ಎರಡು ತಟ್ಟೆ ಮಾಡಿದಳು. ಒಂದಕ್ಕೆ ಬದುವಿನ ಸೊಪ್ಪು, ಇನ್ನೊಂದಕ್ಕೆ ದೂರದ ಬಾವಿ ಕಡೆಯ ಸೊಪ್ಪು. ಮೂರನೇ ದಿನಕ್ಕೆ ಬದುವಿನ ತಟ್ಟೆಯ ಹುಳುಗಳೆಲ್ಲ ಸತ್ತವು. ಎರಡನ್ನೂ ಹೊತ್ತು ಜೋಳದ ಹೊಲಕ್ಕೆ ಹೋದಳು. ಚನ್ನಕೇಶವನ ಜೊತೆ ಕಂಪನಿಯ ಆಫೀಸರ್ ಕನಕರಾಜ್ ನಿಂತಿದ್ದ. ಹೆಂಗಸರು ಕಳೆ ಕೀಳುತ್ತಿದ್ದರು.

"ನೀವೊಬ್ರೇ ಅಲ್ಲ ಸಾರ್, ನಾನೂ ಪ್ರಯೋಗ ಮಾಡಿದೀನಿ. ನೋಡಿ."

ಕನಕರಾಜ್ ಬಗ್ಗಿ ನೋಡಿದ. "ಇದು ಕಾಯಿಲೆ ಕಣಮ್ಮ. ಕೈಕಾಲು ತೊಳೀದೆ ಹುಳದ ಮನೆಗೆ ಹೋದ್ರೆ ಬರುತ್ತೆ. ಆದ್ರೂ ಕಂಪನಿ ನಿಮ್ಮನ್ನ ಕೈಬಿಡಲ್ಲ. ಇಲ್ಲೊಂದು ಸೈನ್ ಹಾಕಿ, ಪರಿಹಾರ ಕೊಡಿಸ್ತೀನಿ."

ಕಳೆ ಕೀಳುತ್ತಿದ್ದ ಮಂಗಮ್ಮ ಎದ್ದು ಬಂದು ಕಾಗದ ಓದಿದಳು. "ನಿನ್ನ ಕೊಳಕಿಂದಲೇ ಹುಳ ಸತ್ವು ಅಂತ ಬರ್ದವ್ರೆ ಕಣೇ."

ಮುನಿಲಕ್ಷ್ಮಿಗೆ ಮೈ ಉರಿದುಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಸ್ನಾನ ಮಾಡದೆ ಆ ಮನೆಯ ಬಾಗಿಲು ತೆಗೆದವಳಲ್ಲ.

"ನನ್ನ ಕೈ ಕೊಳಕಾ? ಸರಿ ಸಾರ್. ಈ ತಟ್ಟೇಲಿ ಹುಳ ಬದುಕಿವೆ. ನೀವೇ ಕೈ ತೊಳ್ಕೊಂಡು ಬದುವಿನ ಸೊಪ್ಪು ಹಾಕಿ. ಇವರೆಲ್ಲ ನೋಡ್ಲಿ."

ಕನಕರಾಜ್ ಕೈಗೆ ಫೋನ್ ತೆಗೆದುಕೊಂಡ. ಯಾರೂ ಫೋನ್ ಮಾಡಿರಲಿಲ್ಲ.

"ಸುಮ್ನೆ ಸೈನ್ ಹಾಕು," ಎಂದ ಚನ್ನಕೇಶವ. "ಇಲ್ಲಾಂದ್ರೆ ಇವತ್ತಿಂದ ನನ್ನ ತೋಟಕ್ಕೆ ಕಾಲಿಡಬೇಡ. ಬೇಲಿ ಹಾಕಿಸ್ತೀನಿ."

ಸೈನ್ ಹಾಕದಿದ್ದರೆ ತೋಟವಿಲ್ಲ. ಹಾಕಿದರೆ ಬದುವಿನ ಪುಡಿ ಮುಂದಿನ ಬೆಳೆಯನ್ನೂ ತಿನ್ನುತ್ತದೆ. ಕೊಳಕಿ ಎಂದು ತಾನೇ ಬರೆದುಕೊಟ್ಟವಳಿಗೆ ಊರಲ್ಲಿ ಇನ್ಯಾರು ತೋಟ ಕೊಡುತ್ತಾರೆ? ಎತ್ತ ತಿರುಗಿದರೂ ದಾರಿಯಿರಲಿಲ್ಲ. ಮುನಿಲಕ್ಷ್ಮಿ ಮಂಗಮ್ಮನ ಕೈಯಿಂದ ಕಾಗದ ತೆಗೆದುಕೊಂಡಳು. ಅದನ್ನು ಮಡಿಸಿ ಕನಕರಾಜನಿಗೆ ವಾಪಸ್ ಕೊಟ್ಟಳು.

"ನನಗೆ ಬೇಲಿ ಹಾಕ್ತೀರ, ಹಾಕಿ. ಆ ಪುಡಿಗೆ ಯಾವ ಬೇಲಿ ಹಾಕ್ತೀರ?"

ಮಂಗಮ್ಮ ಗಾಳಿ ಯಾವ ಕಡೆಗಿದೆ ಎಂದು ನೋಡಿದಳು. ಜೋಳದ ಹೊಲದ ಇನ್ನೊಂದು ಬದಿಗೆ ಅವಳದೇ ಹಿಪ್ಪುನೇರಳೆ ತೋಟವಿತ್ತು. ಕಳೆ ಕೀಳುತ್ತಿದ್ದವರಲ್ಲಿ ಹುಳು ಸಾಕದ ಮನೆಯವರು ಒಬ್ಬರೂ ಇರಲಿಲ್ಲ.

ಸಂಜೆಯೊಳಗೆ ತೋಟಕ್ಕೆ ಮುಳ್ಳುತಂತಿ ಬಂತು. ಮಾರನೆಯ ದಿನ ಜೋಳದ ಹೊಲಕ್ಕೆ ಕೂಲಿಗೆ ಒಬ್ಬಳೂ ಹೋಗಲಿಲ್ಲ.