ತಾರಾವಳಿ ಯಾಕೆ ಹೆಸರು ಹೇಳಲಿಲ್ಲ

‘ಮುಗಿಲಗಡ’ ಕಾದಂಬರಿ ಮಾಲೆಯ ಕೊನೆಯ ಭಾಗ ಇನ್ನೂ ಅಚ್ಚಾಗಿಲ್ಲ. ಆದರೆ ಅದರಲ್ಲಿ ಏನಾಗುತ್ತದೆ ಎಂಬುದು ಬೈಲಹೊಂಗಲದ ನಮ್ಮ ಅಭಿಜಿತನಿಗೆ ಆಗಲೇ ಗೊತ್ತು. ಬರೆಯುವವರಿಗೆ ಗೊತ್ತಿದೆಯೋ ಇಲ್ಲವೋ, ಇವನಿಗಂತೂ ಗೊತ್ತು.

ಮುಗಿಲಗಡವೆಂದರೆ ಬೆಟ್ಟದ ಮೇಲಿನ ಮಾಯಾವಿದ್ಯೆಯ ಶಾಲೆ. ಅಲ್ಲಿ ‘ಕಂದೀಲು ಕೂಟ’ ಎಂಬ ಗುಟ್ಟಿನ ಸಂಘವಿದೆ. ದೊಡ್ಡ ಮನೆತನದ ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶ. ಆ ಕೂಟದ ಸೊಕ್ಕನ್ನು ಓದಿ ಓದಿ ಬೈದವರು ನಾವೇ. ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಅದೇ ಹೆಸರಿನ ಕೂಟ ಕಟ್ಟಿಕೊಂಡವರೂ ನಾವೇ. ಅಭಿಜಿತ ಅಧ್ಯಕ್ಷ, ಶ್ರೀಶೈಲ, ಪದ್ಮಜಾ ಮತ್ತು ನೀಲಾ ಎಂಬ ನಾನು ಸದಸ್ಯರು. ಹೊಸಬರು ಬರಬೇಕೆಂದರೆ ಕಾದಂಬರಿಯ ಮೇಲೆ ಒಂದು ವಾದ ಮಂಡಿಸಬೇಕು, ನಾವೆಲ್ಲರೂ ಕೈ ಎತ್ತಬೇಕು. ಒಬ್ಬರು ಎತ್ತದಿದ್ದರೂ ಬಾಗಿಲು ಬಂದ್. ಬೇವಿನ ಮರಕ್ಕೆ ಬಾಗಿಲೆಲ್ಲಿ ಎಂದು ಕೇಳಬೇಡಿ, ನಮ್ಮ ಕಣ್ಣಿಗೆ ಕಾಣುತ್ತಿತ್ತು.

ಆ ಬಾಗಿಲ ಹೊರಗೆ ನಿಂತವಳು ಶೈಲಜಾ. ದೊಡವಾಡದ ಒಕ್ಕಲುತನದ ಮನೆಯ ಹುಡುಗಿ, ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಅಚ್ಚಾದ ಐದೂ ಭಾಗ ಓದಿ ಮುಗಿಸಿದವಳು. ಹಿಂದೊಮ್ಮೆ ಸೇರಲು ಬಂದಾಗ ಅವಳ ಬಾಯಿಂದ ಮಾತೇ ಹೊರಡದೆ, ಅಭಿಜಿತ ತಯಾರಿ ಮಾಡಿಕೊಂಡು ಬರಲು ಹೇಳಿ ಕಳಿಸಿದ್ದ. ಇದು ಎರಡನೆಯ ಸಲ. ಮೂರನೆಯದಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಅವಳ ಆಸೆ ಬರೀ ಪುಸ್ತಕದ ಆಸೆಯಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಮರದ ಕಡೆ ಬರುವ ಮುನ್ನ ಎರಡೂ ಸಲ ‘ನಿಮ್ಮ ಅಧ್ಯಕ್ಷರು ಬಂದಾರೇನು’ ಎಂದು ನನ್ನನ್ನು ಕೇಳಿದ್ದಳು.

ಅಂಥವಳು ಹೋಗಿ ಹೋಗಿ ಅಧ್ಯಕ್ಷರ ವಾದಕ್ಕೇ ಕೈ ಹಾಕಿದಳು. ಓದುಗರ ವಾಟ್ಸಾಪ್ ಗುಂಪುಗಳಲ್ಲಿ ಅಭಿಜಿತ ಹೆಸರು ಮಾಡಿದ್ದು ಒಂದೇ ಮಾತಿನಿಂದ: ಮುಗಿಲಗಡದ ವಿದ್ಯಾರ್ಥಿನಿ ತಾರಾವಳಿ ದ್ರೋಹಿ. ಕಂದೀಲು ಕೂಟದ ಮುಖಂಡ ಧವಳನನ್ನು ಅವಳು ಯಾವತ್ತೂ ಹೆಸರು ಹಿಡಿದು ಕರೆಯುವುದಿಲ್ಲ. ‘ಅವರು’ ಎನ್ನುತ್ತಾಳೆ, ‘ಕಂದೀಲು ಹಿಡಿದವರು’ ಎನ್ನುತ್ತಾಳೆ. ನಾಲ್ಕನೆಯ ಭಾಗದಲ್ಲಿ ಒಮ್ಮೆ ಮಾತ್ರ ಎರಡು ಸಾಲಿನ ಪದ್ಯದೊಳಗೆ ಅವನ ಹೆಸರು ಸೇರಿಸಿ ಹೇಳುತ್ತಾಳೆ. ಅದು ಶಾಪದ ಮಂತ್ರ ಎಂದು ಅಭಿಜಿತ ತೀರ್ಪು ಕೊಟ್ಟಿದ್ದ. ಕಿತ್ತೂರಿನಿಂದ ರಾಮದುರ್ಗದವರೆಗಿನ ಓದುಗರೆಲ್ಲ ಹೌದೌದು ಎಂದಿದ್ದರು.

“ಆಕಿ ದ್ರೋಹಿ ಅಲ್ರಿ,” ಎಂದಳು ಶೈಲಜಾ. “ಆಕಿ ಮನಸ್ಸಿನ್ಯಾಗ ಅವ ಅದಾನ. ಅದಕ್ಕ ಹೆಸರು ಬಾಯಾಗ ಬರೂದಿಲ್ಲ.”

ಆಮೇಲೆ ತನ್ನ ಅಜ್ಜಿ ತಂಗೆವ್ವನ ವಿಷಯ ಹೇಳಿದಳು. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ತಂಗೆವ್ವ ತಲೆ ತಗ್ಗಿಸಿ ಮೊಮ್ಮಗಳನ್ನು ಚಿವುಟುತ್ತಾಳಂತೆ. ನಿಜಗುಣಪ್ಪ ಎಂದು ಶೈಲಜಾಳೇ ಹೇಳಬೇಕು. ಮದುವೆ ಮನೆಯಲ್ಲಿ ಹೆಂಗಸರು ಸುತ್ತುಗಟ್ಟಿ ಬಿಡದೆ ಕಾಡಿದರೆ ಮಾತ್ರ ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ಮೆಲ್ಲಗೆ ಸೇರಿಸಿಬಿಡುತ್ತಾಳೆ. ಅಭಿಜಿತ ಮಂತ್ರವೆಂದು ತಿಳಿದದ್ದು ತಾರಾವಳಿಯ ಒಡಪು.

ನಮಗೆಲ್ಲ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಮದುವೆಗಳಲ್ಲಿ ಒಡಪು ಕೇಳಿದ ನಾವು, ಅದು ಪುಸ್ತಕದಲ್ಲಿ ಬಂದ ಕೂಡಲೇ ಶಾಪ ಎಂದುಕೊಂಡಿದ್ದೆವು. ಓದು ಹೆಚ್ಚಾದರೆ ಹೀಗೂ ಆಗುತ್ತದೆ. ಮುಗಿಲಗಡಕ್ಕೂ ದೊಡವಾಡಕ್ಕೂ ಏನು ಸಂಬಂಧ ಎಂದು ಅಭಿಜಿತ ಸ್ವಲ್ಪ ಹೊತ್ತು ಹೆಣಗಿದ. ಪದ್ಮಜಾ ಆ ಎರಡು ಸಾಲನ್ನು ಒಡಪಿನ ಧಾಟಿಯಲ್ಲಿ ಓದಿ ತೋರಿಸಿದ ಮೇಲೆ ಮಂಡಕ್ಕಿ ಗಿರಮಿಟ್ಟಿನ ಪೊಟ್ಟಣ ಬಿಚ್ಚಿಕೊಂಡು ಕೂತ.

ನಾವು ಮೂವರೂ ಕೈ ಎತ್ತಿದೆವು. ಅಧ್ಯಕ್ಷರ ಕೈ ಮಾತ್ರ ಗಿರಮಿಟ್ಟಿನ ಪೊಟ್ಟಣ ಬಿಡಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಕಾದಂಬರಿಯ ಕೂಟದಲ್ಲಿ ಹೊಸಬರು ಎಲ್ಲರ ಹೆಸರು ಹೇಳಿ ವಂದಿಸುವ ಪದ್ಧತಿಯಿದೆ, ಅದಾಗದೆ ತಾನು ಕೈ ಎತ್ತುವುದಿಲ್ಲ ಎಂದ.

ಶೈಲಜಾ ಎದ್ದು ನಿಂತಳು. ನೀಲಾ ಎಂದಳು, ಪದ್ಮಜಾ ಎಂದಳು, ಶ್ರೀಶೈಲ ಎಂದಳು. ಅಲ್ಲಿಗೆ ನಿಂತಳು. ಮುಖ ಕೆಂಪಗಾಯಿತು, ಓಢಣಿಯ ಅಂಚು ಬೆರಳಿಗೆ ಸುತ್ತಿಕೊಂಡಿತು.

“ಒಂದು ಹೆಸರು ಉಳೀತಲ್ಲ?” ಎಂದ ಅಭಿಜಿತ.

ನಾನೂ ಪದ್ಮಜಾಳೂ ಮುಖ ಮುಖ ನೋಡಿಕೊಂಡೆವು. ಶ್ರೀಶೈಲನಂಥ ಶ್ರೀಶೈಲನಿಗೂ ಹೊಳೆದು ಅವನು ಕೆಮ್ಮತೊಡಗಿದ. ಐದು ಭಾಗದ ಸಾಲುಸಾಲನ್ನು ಕೆದಕಿ ಗುಟ್ಟು ಹುಡುಕುವ ಪತ್ತೇದಾರನಿಗೆ ಮಾತ್ರ ಎದುರಿಗಿದ್ದ ಮುಖ ಓದಲು ಬರಲಿಲ್ಲ. ಗಿರಮಿಟ್ಟನ್ನು ಅವನ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಬಂತು ನನಗೆ. ಅವಳು ಹಾಗೇ ಹೊರಟುಹೋಗುತ್ತಾಳೆಂದು ಹೆದರಿಕೆಯೂ ಆಯಿತು, ಯಾಕೆಂದರೆ ಅವಳು ಆಗಲೇ ಚೀಲ ಹೆಗಲಿಗೇರಿಸಿದ್ದಳು.

ಆದರೆ ಅವಳು ತಂಗೆವ್ವನ ಮೊಮ್ಮಗಳು. ಬೇವಿನ ಮರದ ಕಡೆ ಮುಖ ತಿರುಗಿಸಿ, ಮದುವೆ ಮನೆಯ ಧಾಟಿಯಲ್ಲೇ ಹೇಳಿದಳು:

“ದೊಡವಾಡದ ಬಸ್ಸು ತಡಾ ಆದ್ರೂ ಬರೂದು ಖರೇ,
ಅಭಿಜಿತರ ತಲಿ ತುಂಬ ಓದು, ತಿಳವಳಿಕಿ ಬ್ಯಾರೇ.”

ಅಭಿಜಿತ ಮೊದಲು ಮರ ನೋಡಿದ, ಆಮೇಲೆ ನಮ್ಮನ್ನು, ಕಡೆಗೆ ಅವಳನ್ನು. ಕಿವಿಯ ತುದಿಯವರೆಗೂ ಕೆಂಪಾದ. ನಿಧಾನವಾಗಿ ಕೈ ಎತ್ತಿದ. ಒಂದು ಸಾಕಾಗಿತ್ತು, ಎರಡೂ ಎತ್ತಿದ.

ಕೂಟ ಮುಗಿದು ಎಲ್ಲರೂ ಏಳುವಾಗ ಅವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. ಅವನ ಮನೆ ಕಾಲೇಜಿನ ಹಿಂದಿನ ಓಣಿಯಲ್ಲೇ ಇದೆ, ನಡೆದೇ ಹೋಗುತ್ತಾನೆ.

“ನೀಲಾ,” ಎಂದ, “ದೊಡವಾಡದ ಬಸ್ಸು ಎಷ್ಟಕ್ಕ ಅದ?”